ಒಳಕ್ಕೆ ಬಾಗಿದ ಕಮಾನು

"ಚಾಚಾ, ಇದು ವಯಲಿನ್ ಬಾರಿಸೋ ಕಮಾನಲ್ರಿ. ಇದನ್ನ ಹಿಡಕೊಂಡು ಬೇಟೆಗೆ ಹೋಗಬಹುದು!"

ಅಂಗಳದಲ್ಲಿ ನಿಂತವನ ದನಿ ಪರದೆಯ ಈಚೆಗೆ ಸ್ಪಷ್ಟವಾಗಿ ಕೇಳಿತು. ಮಂಚದ ಕಾಲಿಗೆ ಪಾಲಿಶ್ ಹಚ್ಚುತ್ತಿದ್ದ ಜಾಸ್ಮಿನಳ ಕೈ ಗಕ್ಕನೆ ನಿಂತಿತು. ಅರಗಿನಲ್ಲಿ ಅದ್ದಿದ ಬಟ್ಟೆ ಬೆರಳಿಗೇ ಅಂಟಿಕೊಂಡಿತು.

ಡಫಳಾಪುರದಲ್ಲಿ ಮಂಚ, ಕಪಾಟು ಮಾಡುವವನೆಂದರೆ ಅವಳಪ್ಪ ಸರದಾರ. ಅವುಗಳಿಗೆ ಹೊಳಪು ಕೊಡುವವಳು ಅವಳು. ಈ ಹುಡುಗ ವಳಸಂಗದ ಸೋಯಲ. ಜತ್ತಿನ ಆರ್ಕೆಸ್ಟ್ರಾ ಪಾರ್ಟಿಯಲ್ಲಿ, ಮದುವೆಗಳಲ್ಲಿ ವಯಲಿನ್ ಬಾರಿಸುವವನು. ಹೋದ ವಾರ ಅವನು ತನ್ನ ಮುರಿದ ಕಮಾನು ತಂದುಕೊಟ್ಟು, ಅದರಂಥದೇ ಒಂದು ಮಾಡಿಕೊಡಿ ಎಂದು ಹೋಗಿದ್ದ. ೧೯೯೭ರ ಲಗ್ನಸರಾಯಿ, ಮದುವೆಗಳ ಕಾಲ. ಮಂಚಗಳ ಕೆಲಸ ಮೈಮೇಲೆ ಬಿದ್ದಿದ್ದರಿಂದ ಸರದಾರ ಅದನ್ನು ಮಗಳ ಕೈಗಿಟ್ಟು, "ನೀನಽ ನೋಡವಾ" ಎಂದಿದ್ದ.

ಅವಳು ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು.

"ಅಬ್ಬಾಗ ಯಾಕ ಅಂತೀರಿ? ಮಾಡಿದಾಕಿ ನಾನು. ತಪ್ಪೇನ ಆಗೇತಿ, ಹೇಳ್ರಿ."

ಅವನು ತಿರುಗಿದ. ಅವನ ಎಡದವಡೆಯ ಕೆಳಗೆ, ವಯಲಿನ್ ಒತ್ತಿ ಒತ್ತಿ ಮೂಡಿದ ಕಂದು ಗುರುತನ್ನು ಅವಳು ನೋಡಿದಳು. ನೋಡಬಾರದಿತ್ತು ಅನಿಸಿತು. ಮತ್ತೆ ನೋಡಿದಳು.

"ಬಾಗು ಉಲ್ಟಾ ಆಗೇತ್ರಿ," ಎಂದ ಮೆತ್ತಗೆ. "ಬಿಲ್ಲಿನಂಗ ಹೊರಗ ಬಾಗೇತಿ. ಇದು ಒಳಗ ಬಾಗಬೇಕು, ಕೂದಲಿನ ಕಡಿ."

"ನೀವು ಕೊಟ್ಟಿದ್ದು ಹಂಗಽ ಇತ್ತಲ್ರಿ?"

"ಅದಕ್ಕ ವಯಸ್ಸಾಗಿತ್ರಿ. ನಡಾ ಬಿಟ್ಟಿತ್ತು."

ಒಳಗಿನಿಂದ ತಾಯಿ ಸಾಬೇರಾ ನಕ್ಕದ್ದು ಕೇಳಿಸಿತು. ಜಾಸ್ಮಿನ ಅವನ ಕೈಯಿಂದ ಕಮಾನನ್ನು ಕಸಿದುಕೊಂಡಳು.

"ಮುಂದಿನ ಸಂತಿ ದಿನಾ ಬರ್ರಿ."

ಆ ವಾರವೆಲ್ಲ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ರೊಟ್ಟಿ ತಟ್ಟುವಾಗ ಕೈ ತಾನಾಗಿ ಬಾಗು ಅಳೆಯುತ್ತಿತ್ತು. ಬಾವಿಯ ಹಗ್ಗ ಜೋತುಬಿದ್ದರೂ, ಆಡಿನ ಕೊಂಬು ಬಾಗಿದ್ದರೂ ಅವಳ ಕಣ್ಣು ಅಲ್ಲೇ ನಿಲ್ಲುತ್ತಿತ್ತು. ಸೀಸಂ ಕಟ್ಟಿಗೆಯ ಪಟ್ಟಿಯನ್ನು ಇದ್ದಿಲ ಒಲೆಯ ಮೇಲೆ ಕಾಯಿಸಿ, ಬಿಸಿ ಇರುವಾಗಲೇ ಮೆಲ್ಲಗೆ ಬಗ್ಗಿಸಬೇಕು. ಅವಳಿಗೆ ತಾಳ್ಮೆ ಸಾಲಲಿಲ್ಲ. ಪಟ್ಟಿ ಚಟ್ಟನೆ ಮುರಿಯಿತು. ಇನ್ನೊಂದು ಸುಟ್ಟು ಕರಿಯಾಯಿತು. ಮತ್ತೊಂದು ಬಾಗಿತು, ಆದರೆ ಪಕ್ಕಕ್ಕೆ ಸೊಟ್ಟಗಾಯಿತು.

ಸಂತೆಯ ದಿನ ಸೋಯಲ ಬಂದ. ಹೊಸ ಕಮಾನನ್ನು ತಂತಿಯ ಮೇಲೆ ಎಳೆದ. ಮೂಲೆಯಲ್ಲಿ ಮಲಗಿದ್ದ ಬೆಕ್ಕು ಎದ್ದು ಓಡಿತು.

"ಹೆಂಗೈತ್ರಿ?" ಎಂದಳು, ಉತ್ತರ ಗೊತ್ತಿದ್ದೂ.

"ಹೋದ ಸಲಕ್ಕಿಂತ ಚಲೋ ಐತ್ರಿ. ಈ ಸಲ ಕೆಮ್ಮಾಕತ್ತೈತಿ ಅಷ್ಟಽ."

"ನಗಬ್ಯಾಡ್ರಿ."

"ನಾ ಎಲ್ಲಿ ನಗಾಕತ್ತೀನ್ರಿ." ಅವನ ತುಟಿ ನಗುತ್ತಿರಲಿಲ್ಲ, ನಿಜ. ಕಣ್ಣು ಮಾತ್ರ ಮಾತು ಕೇಳುತ್ತಿರಲಿಲ್ಲ.

ಕಮಾನಿಗೆ ಕಟ್ಟಿದ ಹಳೆಯ ಕುದುರೆಕೂದಲು ಸವೆದಿದೆ ಎಂದು ಅವನು ಮಾಡಗ್ಯಾಳಕ್ಕೆ ಹೋದ. ಅಲ್ಲಿಯ ಕುರುಬ ಭರಮಣ್ಣನ ಬಳಿ ಕುರಿ ಮೇಯಿಸಲು ಊರೂರು ತಿರುಗುವಾಗ ಸಾಮಾನು ಹೊರುವ ಬಿಳಿ ಕುದುರೆಯಿತ್ತು. ಅದರ ಬಾಲದಿಂದ ಒಂದು ಹಿಡಿ ಕೂದಲು ತಂದುಕೊಟ್ಟ. ಕೊಡುವಾಗ ಕುಂಟುತ್ತಿದ್ದ.

"ಒದೀತೇನ್ರಿ?"

"ಕುದುರಿ ಅಲ್ರಿ, ಕುರಿ. ಟಗರು ಹಿಂದಿಂದ ಬಂದ ಗುದ್ದಿತು. ಕುದುರಿ ಪಾಪ, ಸುಮ್ಮನ ನಿಂತಿತ್ತು."

ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆ ಕೂದಲನ್ನು ಸಾಬೂನಿನಿಂದ ತೊಳೆದು, ಬಾಚಿ, ಒಂದೊಂದೂ ಎಳೆ ನೇರ ಬರುವಂತೆ ಕಟ್ಟುವುದನ್ನು ಕಲಿತಳು. ಮಳೆಗಾಲ ಕಳೆಯುವ ಹೊತ್ತಿಗೆ ಕಮಾನು ಕೆಮ್ಮುವುದನ್ನು ಬಿಟ್ಟಿತು. ಸುಗ್ಗಿಯ ಹೊತ್ತಿಗೆ ಅದರಿಂದ ಹೊರಟ ಒಂದು ಸ್ವರ ಇಡೀ ಅಂಗಳದಲ್ಲಿ ಉದ್ದಕ್ಕೆ ಹರಿದು, ಸಾಬೇರಾಳ ಮೊರದ ಜೋಳವನ್ನು ಅಲ್ಲೇ ನಿಲ್ಲಿಸಿತು. ಸೋಯಲ ಕಮಾನು ಇಳಿಸಿ ಅವಳನ್ನೇ ನೋಡಿದ. ಅವಳು ಬೆರಳಿನ ಅರಗನ್ನು ಉಜ್ಜುತ್ತ ನಿಂತಳು. ಉಜ್ಜಿದಷ್ಟೂ ಅದು ಹರಡಿತು.

ಅದಾದ ಮೇಲೆ ಅವನು ಬರಲಿಲ್ಲ.

ಒಂದು ಸಂತೆ ಹೋಯಿತು, ಇನ್ನೊಂದು ಹೋಯಿತು. ಕಮಾನು ಸರಿಯಾಯಿತಲ್ಲ, ಇನ್ನೇಕೆ ಬರುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡು ಮತ್ತೆ ಬಾಗಿಲಿಗೆ ಬಂದಳು. ಸುಮ್ಮನೆ ಇನ್ನೊಂದು ಕಮಾನು ಮಾಡಿದಳು. ಅದು ಮೊದಲಿನದಕ್ಕಿಂತ ಹಗುರಾಗಿತ್ತು. ತೋರಿಸಲು ಯಾರೂ ಇರಲಿಲ್ಲ.

ಸುದ್ದಿ ತಂದವನು ಅಪ್ಪ. "ಆರ್ಕೆಸ್ಟ್ರಾ ಮಾಲಕ ಅಣ್ಣಾರಾಯ ಕೀಬೋರ್ಡ್ ತಂದಾನಂತ. ಬಟನ್ ಒತ್ತಿದ್ರ ಅದರಾಗಽ ವಯಲಿನ್ ಬರತೈತಂತ. ಆ ವಳಸಂಗದ ಹುಡುಗನ್ನ ಬಿಡಿಸ್ಯಾರ. ಸೀಟಿಗಿಷ್ಟಂತ ಮಂದೀನ ಹೇರೋ ವಡಾಪ ಜೀಪ್ ಓಡಸಾಕತ್ತಾನ ಈಗ."

ಮರುದಿನ ಜಾಸ್ಮಿನಳಿಗೆ ಇದ್ದಕ್ಕಿದ್ದಂತೆ ಜತ್ತಿನಲ್ಲಿ ಪಾಲಿಶ್ ಕಾಗದ ಕೊಳ್ಳುವುದಿತ್ತು. ತಾಯಿಯನ್ನು ಹೊರಡಿಸಿಕೊಂಡು ರಸ್ತೆಗೆ ಬಂದಳು. ಬಂದ ಮೊದಲ ಜೀಪನ್ನು ಬಿಟ್ಟಳು. ಎರಡನೆಯದನ್ನೂ ಬಿಟ್ಟಳು. ಸಾಬೇರಾ ಮಗಳ ಮುಖ ನೋಡಿ ಮರದ ನೆರಳಿಗೆ ಹೋಗಿ ಕೂತಳು. ಮುಂದಿನ ಜೀಪಿನ ಸ್ಟೀರಿಂಗ್ ಹಿಂದೆ ಸೋಯಲ ಇದ್ದ.

ಜನ ಒತ್ತಿಕೊಂಡು ಕೂತಿದ್ದರು. ಅಷ್ಟು ಜನರ ನಡುವೆ ಮಾತಿಗೆ ಮರೆಯಿಲ್ಲ. ಅವಳು ಅವನ ಹಿಂದಿನ ಸೀಟಿನಲ್ಲಿ ಕೂತಳು. ಮುಂದಿನ ಕನ್ನಡಿಯಲ್ಲಿ ಅವನ ಕಣ್ಣುಗಳು ಒಮ್ಮೆ ಮೇಲೆದ್ದು, ತಪ್ಪಿಸಿಕೊಂಡು, ಮತ್ತೆ ಬಂದವು.

"ಕಮಾನು ಹೆಂಗೈತ್ರಿ?" ಎಂದಳು ಕೊನೆಗೆ, ಕನ್ನಡಿಗೆ.

"ಕಮಾನು ಚಲೋ ಐತಿ. ವಯಲಿನ್ನಽ ಇಲ್ಲ."

"ಅಂದ್ರ?"

"ಮಾರಾಕಂತ ಜೀಪಿನ ಟಪ್ಪಿನ ಮ್ಯಾಲೆ ಇಟ್ಟೊಯ್ದಿದ್ದೆ. ಬಿತ್ತು. ತಲಿ ಮುರೀತು, ಆ ಸುರುಳಿ ಇರತೈತಲ್ಲ, ಅದು ಚೂರಾತು. ಯಾರೂ ತಗೊಳ್ಳಲಿಲ್ಲ. ಮನ್ಯಾಗ ಬಿದ್ದೈತಿ."

"ನಿಮಗ ಬ್ಯಾಡಾಗಿದ್ರ ನನಗ ಕೊಡ್ರಿ."

"ತಗೊಂಡು ಏನ ಮಾಡತೀರಿ?"

"ತಲಿ ಮಾಡತೀನಿ."

ಪಕ್ಕದ ಮುದುಕನೊಬ್ಬ ಗಾಬರಿಯಿಂದ ಅವಳನ್ನು ನೋಡಿದ. ಕನ್ನಡಿಯ ಕಣ್ಣುಗಳು ಎಷ್ಟೋ ದಿನಗಳ ಮೇಲೆ ಮೊದಲ ಸಲ ನಕ್ಕವು.

ಸುರುಳಿ ಕೆತ್ತುವುದು ಕಮಾನು ಬಗ್ಗಿಸಿದಂತಲ್ಲ. ಒಂದು ಕಡೆಯ ಸುತ್ತು ಚೆಂದ ಬಂದರೆ ಇನ್ನೊಂದು ಕಡೆಯದು ಹುಬ್ಬು ಗಂಟಿಕ್ಕಿದಂತಾಗುತ್ತಿತ್ತು. ಉಳಿ ಜಾರಿ ಹೆಬ್ಬೆರಳು ಕೊಯ್ದುಕೊಂಡಳು. ಹಲವು ತುಂಡುಗಳು ಒಲೆ ಸೇರಿದ ಮೇಲೆ, ಎರಡೂ ಕಡೆ ಒಂದೇ ಸಮ ಸುತ್ತಿಕೊಂಡ ಸುರುಳಿ ಕೈಗೆ ಬಂತು. ಅಪ್ಪ ಅದನ್ನು, ಸೋಯಲ ತಂದಿಟ್ಟುಹೋಗಿದ್ದ ವಯಲಿನ್ನಿನ ಕುತ್ತಿಗೆಗೆ ಕೂಡಿಸಿಕೊಟ್ಟ. ವಾರ್ನಿಶ್ ಅವಳದೇ ಪಾಲು. ಮಂಚಕ್ಕೆ ಹಚ್ಚಿದಂತೆ ದಪ್ಪ ಹಚ್ಚಿದರೆ ಸುರುಳಿಯ ಸಂದಿಯೆಲ್ಲ ಕೆಂಪಗೆ ತುಂಬಿ, ಬೆಲ್ಲದ ಪಾಕ ಸುರಿದಂತೆ ಕಂಡಿತು. ಎಲ್ಲ ತೆಗೆದಳು. ಅರಗನ್ನು ಸ್ಪಿರಿಟ್‌ನಲ್ಲಿ ತೆಳ್ಳಗೆ ಕರಗಿಸಿ, ಸಣ್ಣ ಕುಂಚದಿಂದ ಒಂದು ಪದರ. ಒಣಗಿದ ಮೇಲೆ ಉಜ್ಜಿ ಮತ್ತೊಂದು. ಸೋಯಲ ಜೀಪ್ ನಿಲ್ಲಿಸಿ, ಹಾದಿಯಲ್ಲೇ ನಿಂತು ಕೇಳುತ್ತಿದ್ದ: "ಒಣಗೇತೇನ್ರಿ?"

"ಇಲ್ರಿ."

"ಲಗೂನ ಒಣಗಬಾರದು ಅಂತ ಬೇಡಕೊಂಡೀನಿ." ಹೇಳಿ ಹಾರ್ನ್ ಹೊಡೆಯುತ್ತ ಹೋಗಿಬಿಡುತ್ತಿದ್ದ.

ಆ ನಡುವೆಯೇ ಸೊಲ್ಲಾಪುರದಿಂದ ಹೆಣ್ಣು ನೋಡಲು ಬಂದರು. ಹುಡುಗ ಸಲೀಮ, ಟಾಯರ್ ಅಂಗಡಿಯವನು, ಸೌಮ್ಯ ಮುಖದವನು. ಕೈಯ ಕೆಂಪು ತೆಗೆಯಲು ಸಾಬೇರಾ ನಿಂಬೆಹಣ್ಣು ಕೊಟ್ಟಿದ್ದಳು. ಜಾಸ್ಮಿನ ಅದನ್ನು ಶರಬತ್ತಿಗೆ ಹಿಂಡಿದ್ದಳು.

"ಮೆಹಂದಿ ಏನವಾ?" ಎಂದಳು ಹುಡುಗನ ತಾಯಿ.

"ವಾರ್ನಿಶ್ ಐತ್ರಿ."

ಸಲೀಮ ಅವಳ ಕೈ ನೋಡಿ ಮರುಕದಿಂದ ಹೇಳಿದ: "ನಮ್ಮ ಮನ್ಯಾಗ ನೀವು ಇಂಥಾ ಕೆಲಸ ಮಾಡೋ ಗರಜ ಇಲ್ರಿ. ಆರಾಮ ಇರಬಹುದು."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆದರೆ ಆರಾಮಾಗಿ ಮಡಿಲಲ್ಲಿ ಬಿದ್ದಿರುವ ತನ್ನ ಎರಡು ಕೈ ಕಣ್ಣೆದುರು ಬಂದದ್ದೇ ಜಾಸ್ಮಿನ ಶರಬತ್ತಿನ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅವರು ಹೋದ ಮೇಲೆ, ಊಟಕ್ಕೆ ಕೂತ ಅಪ್ಪನ ಮುಂದೆ ನಿಂತಳು.

"ಬ್ಯಾಡ ಅಬ್ಬಾ."

"ಯಾಕ? ಏನ ಕಡಿಮಿ ಐತಿ ಆ ಹುಡುಗನಾಗ?"

"ಏನೂ ಕಡಿಮಿ ಇಲ್ಲ. ನನಗ ಬ್ಯಾಡ."

ಸರದಾರ ಅವಳ ಮುಖ ನೋಡಿದ, ಆಮೇಲೆ ಗೋಡೆಗೆ ಒರಗಿದ್ದ ವಯಲಿನ್ ನೋಡಿದ. ಊಟ ಬಿಟ್ಟು ಎದ್ದುಹೋದ. ಎಷ್ಟೋ ದಿನ ಮಗಳ ಜೊತೆ ಮಾತಾಡಲಿಲ್ಲ.

ವಾರ್ನಿಶ್ ಒಣಗಿದ ದಿನ ಸೋಯಲ ಬಂದು ಕೂತ. ಸುರುಳಿ ದಾಳಿಂಬೆ ಕಾಳಿನ ಬಣ್ಣಕ್ಕೆ ತಿರುಗಿತ್ತು. ಅವನು ಅದರ ಸುತ್ತನ್ನು ಹೊರಗಿನಿಂದ ಒಳಗಿನವರೆಗೆ ಬೆರಳಿನಿಂದ ಸವರಿದ. ಬಾರಿಸಲು ಹೋಗಿ, ಕಮಾನು ಕೆಳಗಿಟ್ಟ.

"ಮೊದಲ ಒಂದು ಮಾತು ಹೇಳಬೇಕ್ರಿ. ಬಾರಿಸಿದ್ರ ಹೇಳೂದ ಆಗಂಗಿಲ್ಲ."

"ಹೇಳ್ರಿ."

"ಆ ಕಮಾನು ಸರಿ ಆದ ದಿನಾ ನನಗ ಭಾಳ ಸಂಕಟ ಆತು. ಇನ್ನ ಬರಾಕ ನೆಪ ಇಲ್ಲಲ್ಲಾ ಅಂತ. ಆಮ್ಯಾಲೆ ಕೆಲಸಾನೂ ಹೋತು, ಬರಾಕ ಮುಖಾನೂ ಇರಲಿಲ್ಲ." ಅವನು ತಲೆಯೆತ್ತಿದ. "ಈಗೂ ನಾ ವಡಾಪ ಓಡಸಾವಽ. ನಿಮ್ಮಪ್ಪ ಕೊಡತಾರೇನು ನಿನ್ನ?"

'ನಿಮ್ಮನ್ನು' ಅಂದಿರಲಿಲ್ಲ. 'ನಿನ್ನ' ಅಂದಿದ್ದ. ಜಾಸ್ಮಿನಳ ಕಿವಿ ಬೆಚ್ಚಗಾಯಿತು.

"ನನ್ನ ಯಾಕ ಕೇಳತಿ? ಅಬ್ಬಾ ಒಳಗ ಅದಾನ."

ಅವನು ಚಪ್ಪಲಿ ಬಿಟ್ಟು ಸರದಾರನ ಕೆಲಸದ ಕೋಣೆಯೊಳಗೆ ಹೋದ. ಗರಗಸದ ಸದ್ದು ನಿಂತಿತು. ಅವಳು ಹೊಸ್ತಿಲಿಗೆ ಹೋದಳು, ತಿರುಗಿ ಬಂದಳು, ಮತ್ತೆ ಹೋದಳು. ಗರಗಸ ಮತ್ತೆ ಶುರುವಾಯಿತು. ಸೋಯಲ ಹೊರಗೆ ಬಂದಾಗ ಮುಖದಲ್ಲಿ ಬಣ್ಣವಿರಲಿಲ್ಲ.

"ಏನಂದ್ರು?"

"ಏನೂ ಅನಲಿಲ್ಲ. ಹಲಗಿ ಹಿಡೀ ಅಂದ್ರು, ಹಿಡದೆ. ಕೊರದ್ರು. ಇನ್ನ ಹೋಗು ಅಂದ್ರು."

ರಮಜಾನ್ ತಿಂಗಳು ಬಂತು, ಹೋಯಿತು. ಅಪ್ಪ ಬಾಯಿ ಬಿಡಲಿಲ್ಲ. ಜಾಸ್ಮಿನ ಕೆಲಸವಿಲ್ಲದ ಕಟ್ಟಿಗೆಯನ್ನೆಲ್ಲ ಉಜ್ಜಿದಳು. ಮನೆಯ ಬಾಗಿಲು, ಮಣೆ, ಲಟ್ಟಣಿಗೆ ಸಹ ಹೊಳೆಯತೊಡಗಿದವು. "ಇನ್ನ ನನ್ನ ಹಚ್ಚಿಬಿಡ ಪಾಲಿಶ್," ಎಂದಳು ಸಾಬೇರಾ.

ಈದ್ ಮುಗಿದ ಮೇಲೆ ಒಂದು ಬೆಳಿಗ್ಗೆ ಸರದಾರ ಯಾರಿಗೂ ಹೇಳದೆ ರಸ್ತೆಗೆ ಹೋಗಿ, ಸೋಯಲನ ಜೀಪಿನ ಮುಂದಿನ ಸೀಟಿನಲ್ಲಿ ಕೂತ. ಜೀಪು ವಳಸಂಗ ಮುಟ್ಟಿತು. ಅಲ್ಲಿ ಇಳಿದು, ಸೋಯಲನ ಮನೆಯ ಎರಡು ಕೋಣೆಗಳನ್ನು ಒಳಗೆ ಹೋಗಿ ನೋಡಿದ. ಅವನ ತಾಯಿ ಕೊಟ್ಟ ಚಹಾ ಕುಡಿದ. ಹೊರಡುವಾಗ ಹೇಳಿದ: "ಹಿಂದಿನ ಕೋಲಿ ಭಾಳ ಕತ್ತಲಿ ಐತಿ. ನನ್ನ ಮಗಳಿಗೆ ಕೆಲಸ ಮಾಡಾಕ ಬೆಳಕ ಬೇಕು."

ಸರದಾರ ಕಟ್ಟಿಗೆ ಕೊಳ್ಳಲು ಜತ್ತಿನಲ್ಲಿ ಇಳಿದ ಮೇಲೆ ಸೋಯಲ ಕೈ ಮಾಡಿದ ಯಾರನ್ನೂ ಹತ್ತಿಸಿಕೊಳ್ಳಲಿಲ್ಲ. ಖಾಲಿ ಜೀಪು ಧೂಳೆಬ್ಬಿಸುತ್ತ ಡಫಳಾಪುರಕ್ಕೆ ಬಂದು ಅಂಗಳದ ಮುಂದೆ ನಿಂತಿತು. ಜಾಸ್ಮಿನ ಓಡಿ ಬಂದಳು. ಅವನು ಅಪ್ಪನ ಮಾತನ್ನು ಅಪ್ಪನ ದನಿಯಲ್ಲೇ ಹೇಳಿದ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಆ ಕೋಲಿಗೆ ಕಿಡಕಿ ಯಾವ ಕಡಿ ಐತಿ?"

"ಕಿಡಕಿನಽ ಇಲ್ಲ," ಎಂದ ಸೋಯಲ. "ಯಾವ ಕಡಿ ಬೇಕು ಹೇಳು. ಇವತ್ತಽ ಗ್ವಾಡಿ ಒಡೀತೀನಿ."