ಕಾಣೆಯಾದ ಗೋಮಾಳದ ನಕ್ಷೆ

ಗೋಮಾಳದ ನಕ್ಷೆ ಕಂಪ್ಯೂಟರಿನಲ್ಲಿ ಇರಲಿಲ್ಲ. ಅದರ ಹೆಸರಿನ ಫೋಲ್ಡರ್ ಇತ್ತು. ಒಳಗೆ ಏನೂ ಇರಲಿಲ್ಲ.

"ನೋಡಿ ಮೇಡಂ, ಒಂದೂವರೆ ತಿಂಗಳ ಅಳತೆ," ಎಂದ ಸರ್ವೇಯರ್ ಲಕ್ಷ್ಮಯ್ಯ. "ನಾಡಿದ್ದು ಶುಕ್ರವಾರ ಕೋರ್ಟಿಗೆ ಕೊಡ್ಬೇಕು. ಆ ರಿಪೇರಿಯವ್ಳು ಗುಡ್ಸಿ ಗುಂಡಾಂತರ ಮಾಡ್ಬುಟ್ಟವ್ಳೆ."

ಎಎಸ್‌ಐ ಚಿಕ್ಕಲಕ್ಷ್ಮಮ್ಮ ಮೊದಲು ಕುರ್ಚಿ ಹುಡುಕಿದಳು. ಕನಕಪುರ ಪೇಟೆಯ ಈ ಆಫೀಸು ಎರಡನೇ ಮಹಡಿಯಲ್ಲಿತ್ತು. ಅವಳ ಮಂಡಿಗೆ ಒಂದು ಮಹಡಿಯೇ ಹೆಚ್ಚು. ಮೂವತ್ತಮೂರು ವರ್ಷದ ನೌಕರಿಯಲ್ಲಿ ಕೋಳಿ, ಪಂಪ್‌ಸೆಟ್ಟು, ಓಡಿಹೋದ ಗಂಡಂದಿರು, ಎಲ್ಲವನ್ನೂ ಹುಡುಕಿಕೊಟ್ಟಿದ್ದಳು. ಕೈಗೆ ಸಿಗದ ವಸ್ತು ಕಳುವಾಗಿದ್ದು ಇದೇ ಮೊದಲು.

ವಿಷಯ ಇಷ್ಟು. ಒಂದು ಹಳ್ಳಿಯ ಗೋಮಾಳವನ್ನು ಪಕ್ಕದ ಕಲ್ಲು ಕ್ವಾರಿಯವರು ಒತ್ತಿಕೊಂಡಿದ್ದಾರೆಂದು ಕೇಸು. ಅಳೆದು ನಕ್ಷೆ ಕೊಡಲು ಕೋರ್ಟು ನೇಮಿಸಿದ್ದು ಲಕ್ಷ್ಮಯ್ಯನನ್ನು. ಅವನ ಕಂಪ್ಯೂಟರ್ ನಿಧಾನವಾಗಿತ್ತು. ಹಳೆಯ ಡಿಸ್ಕ್ ತೆಗೆದು ಬೇಗ ಓಡುವ ಹೊಸ ಡಿಸ್ಕ್, ಅಂದರೆ ಎಸ್‌ಎಸ್‌ಡಿ, ಹಾಕಲು ಆ ಬುಧವಾರ ಬೆಳಗ್ಗೆ ರಾಮನಗರದಿಂದ ಯಾಸ್ಮಿನ್ ಎಂಬ ರಿಪೇರಿಯವಳು ಬಂದಿದ್ದಳು.

"ಒಂದೂವರೆಗೆ ಅವ್ಳು ಹೋದ್ಲು. ನಾನೂ ಬೀಗ ಹಾಕ್ಕೊಂಡು ಕಬ್ಬಾಳಮ್ಮನ ಗುಡಿಗೋದೆ. ಆರಕ್ಕೆ ಬಂದು ನೋಡ್ತೀನಿ, ನಕ್ಷೆನೂ ಇಲ್ಲ, ಹಳೇ ಡಿಸ್ಕೂ ಇಲ್ಲ. ಅವ್ಳೇ ಹೊತ್ಕೊಂಡೋಗವ್ಳೆ."

ಅವನ ಹಣೆಯ ಮೇಲೆ ಕುಂಕುಮ ದೊಡ್ಡದಾಗಿಯೇ ಇತ್ತು.

"ಬೀಗದಕೈ ಯಾರತ್ರ ಐತೆ?"

"ನನ್ನತ್ರ ಒಂದು. ನಕ್ಷೆ ಬರೆಯೋ ಮನೋಹರ್ ಹತ್ರ ಒಂದು. ಅವ್ನು ಬೆಳಗ್ಗೆಯಿಂದ್ಲೂ ಕೂಟಗಲ್ಲಲ್ಲಿ ಅಳತೆ ಕೆಲ್ಸಕ್ಕೋಗವ್ನೆ."

ಬೀಗ ಒಡೆದಿರಲಿಲ್ಲ. ಚಿಕ್ಕಲಕ್ಷ್ಮಮ್ಮ ಹೊತ್ತು ಬರೆದುಕೊಂಡಳು. ಹೊತ್ತು ಹಾಕದ ಮಹಜರಿಗೆ ಒಮ್ಮೆ ಕೋರ್ಟಿನಲ್ಲಿ ಉಗಿಸಿಕೊಂಡ ಮೇಲೆ ಕಣ್ಣಿಗೆ ಬಿದ್ದ ಗಡಿಯಾರವನ್ನೆಲ್ಲ ಬರೆಯುವುದು ಅವಳ ಚಾಳಿ. ಕೈಗಡಿಯಾರ: ಆರು ಐವತ್ತು. ಕಂಪ್ಯೂಟರಿನ ಮೂಲೆಯಲ್ಲಿ: ಮೂರು ನಲವತ್ತು. ಯಾವುದಕ್ಕೂ ಇರಲಿ ಎಂದು ಎರಡನ್ನೂ ಬರೆದಳು.

*

ಗುರುವಾರ ಬೆಳಗ್ಗೆ ಯಾಸ್ಮಿನ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದಳು. ಮೂವತ್ತೈದರ ಆಸುಪಾಸು. ತೊಡೆಯ ಮೇಲೆ ಸ್ಕ್ರೂಡ್ರೈವರ್ ಚೀಲ.

"ಸಂಜೆ ಒಳಗೆ ಎಫ್‌ಐಆರ್ ಮಾಡಿ ಮುಗಿಸ್ರಮ್ಮ," ಎಂದು ಇನ್ಸ್‌ಪೆಕ್ಟರ್ ಹೇಳಿ ಹೋದರು. ಅದು ಯಾಸ್ಮಿನ್ ಕಿವಿಗೂ ಬಿತ್ತು.

"ಎಫ್‌ಐಆರ್ ಆದ್ರೆ ನನ್ ಕಥೆ ಮುಗೀತು ಮೇಡಂ. ಜನ ತಮ್ಮ ಮನೆ ಫೋಟೋ, ಕಾಗ್ದ ಪತ್ರ ಎಲ್ಲ ಇರೋ ಕಂಪ್ಯೂಟರ್ ನನ್ ಕೈಗೆ ಕೊಡ್ತಾರೆ. ಕಳ್ಳಿ ಅಂದ್ರೆ ಯಾರು ಕೊಡ್ತಾರೆ? ನಿನ್ನೆ ರಾತ್ರಿಯಿಂದ ವಾಟ್ಸಾಪಲ್ಲಿ ಹಾಕ್ತಾವ್ರೆ. ಇಬ್ರು ಗಿರಾಕಿಗಳು ಬರಬೇಡ ಅಂದ್ರು. ಅಂಗಡಿ ಮಾಲೀಕ್ರು ಖಾಲಿ ಮಾಡು ಅಂತಾರೆ."

"ಅಳಬೇಡ. ನೀನು ಮಾಡಿದ್ದನ್ನ ನಂಗೆ ಅರ್ಥ ಆಗೋ ಹಂಗೆ ಹೇಳು."

"ಸಿಪಿಯು ಬಿಚ್ಚಿ ಧೂಳು ಹೊಡೆದೆ. ಎಸ್‌ಎಸ್‌ಡಿ ಕೂರಿಸ್ದೆ. ಹಳೇ ಡಿಸ್ಕಲ್ಲಿದ್ದುದನ್ನೆಲ್ಲ ಹಂಗಂಗೇ ಅದಕ್ಕೆ ಕಾಪಿ ಮಾಡ್ದೆ. ಹೊಸದ್ರಿಂದಲೇ ಆನ್ ಆಗೋ ಹಂಗೆ ಸೆಟ್ಟಿಂಗ್ ಮಾಡಿ, ನಕ್ಷೆ ತೆಗೆದು ಅವ್ರಿಗೆ ತೋರಿಸ್ದೆ. ಹಳೇ ಡಿಸ್ಕ್ ಬಿಚ್ಚಿ ಅವ್ರ ಕೈಗೇ ಕೊಟ್ಟೆ. ಹದಿನೈದು ದಿನ ಮಡಿಕ್ಕೊಳಿ ಸಾರ್, ಹೊಸದು ಕೈಕೊಟ್ರೆ ಬೇಕಾಯ್ತದೆ ಅಂದೆ."

"ಅವ್ರು ಏನಂದ್ರು?"

"ಬೇರೆಯವ್ರು ಎಷ್ಟು ಸ್ಪೀಡು ಅಂತ ಕೇಳ್ತಾರೆ. ಇವ್ರು ಇದ್ರಲ್ಲಿ ಅಳಿಸಿದ್ರೆ ವಾಪಸ್ ಬತ್ತದಾ ಅಂತ ಕೇಳಿದ್ರು. ಹಳೇ ಡಿಸ್ಕಲ್ಲಾದ್ರೆ ಎತ್ಬೋದು, ಇದ್ರಲ್ಲಿ ಅಳ್ಸಿದ್ರೆ ಹೋದಂಗೇ ಅಂದೆ."

ಚಿಕ್ಕಲಕ್ಷ್ಮಮ್ಮ ತಲೆಯೆತ್ತಿದಳು. ಆಮೇಲೆ ತನ್ನ ಪುಸ್ತಕದ ಪುಟ ತಿರುವಿದಳು.

"ಅದ್ರ ಗಡಿಯಾರ ಯಾಕೆ ತಪ್ಪು ತೋರಿಸ್ತಿತ್ತು?"

"ಒಳಗೆ ಗುಂಡಿಯಷ್ಟು ಸೆಲ್ ಇರ್ತದೆ ಮೇಡಂ. ಕರೆಂಟ್ ಇಲ್ದಾಗ ಗಡಿಯಾರ ನಡೆಸೋದು ಅದೇ. ಅದು ಸತ್ತೋಗಿತ್ತು. ಕರೆಂಟ್ ಹೋಗಿ ಬಂದ್ರೆ ಎರಡು ಸಾವಿರದ ಹದಿನೈದರ ಜನವರಿ ಒಂದು, ರಾತ್ರಿ ಹನ್ನೆರಡರಿಂದ ಶುರುವಾಯ್ತದೆ. ನೆಟ್ ಇದ್ರೆ ತಾನೇ ಸರಿಹೋಯ್ತದೆ. ಅವ್ರು ಅದಕ್ಕೆ ನೆಟ್ ಕೊಟ್ಟಿಲ್ಲ. ನಕ್ಷೆ ತೋರಿಸೋಕೆ ಮುಂಚೆ ನಾನೇ ಟೈಮ್ ಸರಿ ಮಾಡ್ದೆ. ಸೆಲ್ ಹಾಕಲಾ, ಮೂವತ್ತು ರೂಪಾಯಿ ಅಂದೆ. ಬುಡಮ್ಮ, ಒಂದು ವರ್ಷದಿಂದ ಹಂಗೇ ನಡೀತಾ ಐತೆ ಅಂದ್ರು."

"ನೀನು ಹೊರಟಾಗ ಕರೆಂಟ್ ಇತ್ತಾ?"

"ಚಪ್ಪಲಿ ಹಾಕ್ಕೊಳ್ಳೋವಾಗ ಹೋಯ್ತು."

*

ಮನೋಹರ್ ಬಂದಾಗ ಬೆವರುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ಕ್ವಾರಿಯವರ ಜೀಪಿನ ಹತ್ತಿರ ಅವನನ್ನು ಕಂಡವರಿದ್ದರು. ಚಿಕ್ಕಲಕ್ಷ್ಮಮ್ಮ ಅದನ್ನೇ ಕೇಳಿದಳು.

"ಮಾತಾಡ್ಸಿದ್ರು ಮೇಡಂ, ಸುಳ್ಳೇಳಲ್ಲ. ಗೆರೆ ಒಸಿ ಈಚೆಗೆ ಎಳಿ ಅಂದ್ರು. ನನ್ ಕೈಲಿ ಏನೂ ಇಲ್ಲ, ಸಾರ್‌ನ ಕೇಳಿ ಅಂದ್ಬುಟ್ಟೆ. ನಿನ್ನೆ ಹತ್ತರಿಂದ ಐದರ ತನಕ ಕೂಟಗಲ್ಲಲ್ಲೇ ಇದ್ದೆ."

ಕೂಟಗಲ್ಲಿನಲ್ಲಿ ಅವನು ಅಳೆದ ಜಮೀನಿಗಾಗಿ ಕಿತ್ತಾಡುತ್ತಿದ್ದ ಅಣ್ಣತಮ್ಮಂದಿರಿಗೆ ಫೋನು ಹೋಯಿತು. ಹೌದು, ಸರಪಳಿ ಹಿಡಿದು ಐದರ ತನಕ ಇಲ್ಲೇ ಇದ್ದ, ನಮ್ಮ ಬದುವನ್ನು ಮೂರು ಸಲ ಅಳೆದ ಎಂದು ಅಣ್ಣ ಹೇಳಿದ. ತಮ್ಮನೂ ಅದನ್ನೇ ಹೇಳಿದ. ಆ ಇಬ್ಬರು ಒಪ್ಪಿದ್ದು ಅದೊಂದೇ ಮಾತಿರಬೇಕು.

ಎದ್ದು ಹೋಗುವಾಗ ಮನೋಹರ್ ತಲೆ ಕೆರೆದುಕೊಂಡ. "ನಂಗೊಂದು ಅರ್ಥ ಆಗಿಲ್ಲ ಮೇಡಂ. ನಮ್ಮ ಆಫೀಸ್ ಕೆಳಗೇ ದೀಪು ಅಂಗಡಿ ಐತೆ. ಏನ್ ಕೆಟ್ರೂ ಅವ್ನೇ ಬಂದು ಮಾಡೋದು. ಈ ಸಲ ರಾಮನಗರಕ್ಕೆ ಯಾಕೆ ಫೋನ್ ಮಾಡಿದ್ರೋ."

ಚಿಕ್ಕಲಕ್ಷ್ಮಮ್ಮನಿಗೆ ಅರ್ಥವಾಗತೊಡಗಿತ್ತು. ಅರ್ಥವಾಗದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಕರೆಂಟಿನ ಲೈನ್‌ಮನ್ ತಿಮ್ಮಯ್ಯನಿಗೆ ಒಂದು ಫೋನು ಮಾಡಿ ಯಾಸ್ಮಿನ್‌ಳನ್ನೂ ಕರೆದುಕೊಂಡು ಜೀಪು ಹತ್ತಿದಳು.

*

ಲಕ್ಷ್ಮಯ್ಯ ಬಾಗಿಲಲ್ಲೇ ತಡೆದ. "ಇವ್ಳನ್ನ ಯಾಕೆ ಕರ್ಕೊಂಡು ಬಂದ್ರಿ? ಮಿಷನ್ ಮುಟ್ಟಕೂಡ್ದು!"

"ಅವ್ಳು ಮುಟ್ಟಲ್ಲ ಸ್ವಾಮಿ. ಅವ್ಳು ಹೇಳ್ತಾಳೆ, ನಾನು ಒತ್ತುತೀನಿ."

ಯಾಸ್ಮಿನ್ ಕೈಕಟ್ಟಿ ನಿಂತು ಹೇಳಿದಳು. ಖಾಲಿ ಫೋಲ್ಡರಿನ ಪಕ್ಕದ ಜಾಗದಲ್ಲಿ ಬಲಗಡೆ ಕ್ಲಿಕ್. ಕೆಳಗೆ, ಇನ್ನೂ ಕೆಳಗೆ. ಫೋಲ್ಡರಿನಲ್ಲಿ ಕೊನೆಯ ಬದಲಾವಣೆ ಯಾವಾಗ ಆಯಿತೆಂದು ಪರದೆ ತೋರಿಸಿತು. ಎರಡು ಸಾವಿರದ ಹದಿನೈದು, ಜನವರಿ ಒಂದು, ರಾತ್ರಿ ಹನ್ನೆರಡು ಇಪ್ಪತ್ತೆರಡು.

"ತಪ್ಪು ಟೈಮು ಮೇಡಂ," ಎಂದ ಲಕ್ಷ್ಮಯ್ಯ. "ಅದು ಯಾವಾಗ್ಲೂ ಹಂಗೇ."

"ಯಾವಾಗ್ಲೂ ಅಲ್ಲ. ಬುಧವಾರ ಇವ್ಳು ಸರಿ ಮಾಡಿದ್ಲು, ಆಮೇಲೇ ನಿಮ್ಗೆ ನಕ್ಷೆ ತೆಗೆದು ತೋರಿಸಿದ್ಲು. ಇವ್ಳೇ ಅಳಿಸಿದ್ರೆ ಬುಧವಾರದ ತಾರೀಕು ಬೀಳ್ತಿತ್ತು. ಹದಿನೈದನೇ ಇಸ್ವಿ ಬಿದ್ದೈತೆ ಅಂದ್ರೆ ಕರೆಂಟ್ ಹೋಗಿ ಬಂದ ಮೇಲೆ ಅಳಿಸಿರೋದು. ಅಷ್ಟೊತ್ತಿಗೆ ಇವ್ಳು ಇಲ್ಲಿರ್ಲಿಲ್ಲ."

ಅವಳು ಪುಸ್ತಕ ತೆಗೆದಳು.

"ತಿಮ್ಮಯ್ಯನ್ನ ಕೇಳ್ದೆ. ಕರೆಂಟ್ ಹೋಗಿದ್ದು ಒಂದೂವರೆಗೆ, ಬಂದಿದ್ದು ಮೂರು ಹತ್ತಕ್ಕೆ. ಆಮೇಲೆ ಹೋಗಿಲ್ಲ. ನಿನ್ನೆ ಆರು ಐವತ್ತಕ್ಕೆ ನಾನು ನೋಡ್ದಾಗ ಇದ್ರಲ್ಲಿ ಮೂರು ನಲವತ್ತು. ಲೆಕ್ಕ ಕೂಡ್ತದೆ, ಮೂರು ಹತ್ತಕ್ಕೆ ಸೊನ್ನೆಯಿಂದ ಶುರುವಾಗೈತೆ. ಅದಕ್ಕೆ ಇಪ್ಪತ್ತೆರಡು ನಿಮಿಷ ಸೇರಿಸಿ. ನಕ್ಷೆ ಅಳಿಸಿದ್ದು ಮಧ್ಯಾಹ್ನ ಮೂರು ಮೂವತ್ತೆರಡಕ್ಕೆ. ಬೀಗ ಒಡೆದಿಲ್ಲ. ಇರೋದು ಎರಡು ಬೀಗದಕೈ. ಮನೋಹರ್ ಕೂಟಗಲ್ಲಲ್ಲಿದ್ದ."

"ನಾನು ಕಬ್ಬಾಳಲ್ಲಿದ್ದೆ! ಕುಂಕುಮ ನೋಡಿದ್ರಲ್ಲ!"

"ಕುಂಕುಮ ಎಲ್ರ ಮನೇಲೂ ಇರ್ತದೆ ಸ್ವಾಮಿ."

ಲಕ್ಷ್ಮಯ್ಯ ಕೂತ.

"ಅಳಿಸಿದ್ರೆ ವಾಪಸ್ ಬತ್ತದಾ ಅಂತ ಕೇಳಿ ತಿಳ್ಕೊಂಡ್ರಿ. ಕೆಳಗಿನ ದೀಪುನ ಬುಟ್ಟು ದೂರದ ಊರಿನ ಒಂಟಿ ಹೆಂಗಸನ್ನ ಕರೆಸಿದ್ರಿ. ದೀಪು ಮೇಲೆ ಹೊರಿಸಿದ್ರೆ ಪೇಟೆಯೆಲ್ಲ ಎದ್ದು ಬತ್ತಿತ್ತು. ಇವ್ಳಿಗಾದ್ರೆ ಯಾರು ಬತ್ತಾರೆ?"

ಅವನು ತನ್ನ ಫೋನು ತೆಗೆದು ಮೇಜಿನ ಮೇಲಿಟ್ಟ. ಕಾಲೇಜಿನ ಹುಡುಗಿಯೊಬ್ಬಳು ಬಸ್ಸು ಹತ್ತುತ್ತಿರುವ ಫೋಟೋ. ಇನ್ನೊಂದು ದಿನದ್ದು, ಮತ್ತೊಂದು ದಿನದ್ದು. ಅವನ ಮಗಳು ಸಿರಿ.

"ದಿನಾ ಒಂದು ಕಳಿಸ್ತಿದ್ರು ಕ್ವಾರಿಯವ್ರು. ನಕ್ಷೆ ಕೋರ್ಟಿಗೆ ಹೋಗಕೂಡ್ದು ಅಂದ್ರು. ರಿಪೇರಿಯವ್ಳು ಕದ್ಲು ಅಂದ್ರೆ ನಾನೂ ಉಳ್ಕೋತೀನಿ ಅಂದ್ಕೊಂಡೆ."

"ನಮ್ಮತ್ರ ಬರಬೇಕಿತ್ತು."

"ಬಂದಿದ್ರೆ ಏನ್ಮಾಡ್ತಿದ್ರಿ ಮೇಡಂ?"

ಚಿಕ್ಕಲಕ್ಷ್ಮಮ್ಮನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಬರೀ ಸುಸ್ತಾಯಿತು. ಸ್ಟೇಷನ್ನಿನಲ್ಲಿ ಒಂದು ಅರ್ಜಿ ಬರೆಸಿಕೊಂಡು, ನೋಡ್ತೀವಿ ಹೋಗಿ ಅನ್ನುತ್ತಿದ್ದರು. ಅದು ಅವಳಿಗೂ ಗೊತ್ತು.

"ನಿಮ್ಮ ಮಗಳ ಮೇಲೆ ನಿಮಗೆ ಪ್ರಾಣ," ಎಂದಳು ಯಾಸ್ಮಿನ್. "ನಾನೂ ಒಬ್ರ ಮಗಳೇ ಅಲ್ವಾ ಸಾರ್?"

ಅವನು ಫೋನನ್ನು ಮಗುಚಿ ಇಟ್ಟ.

"ಹಳೇ ಡಿಸ್ಕ್ ಎಲ್ಲಿ?" ಎಂದಳು ಚಿಕ್ಕಲಕ್ಷ್ಮಮ್ಮ. "ಬಿಸಾಕಿದೆ ಅನ್ಬೇಡಿ. ನೀವು ಸರ್ವೀಸಿಡೀ ಅಳೆದದ್ದೆಲ್ಲ ಅದ್ರಲ್ಲೇ ಐತೆ. ಅದನ್ನ ಎಸೆಯೋಕೆ ನಿಮ್ಗೆ ಮನಸ್ಸು ಬಂದಿರಲ್ಲ."

ಅವನು ಅಳತೆಯ ಯಂತ್ರದ ಹಳದಿ ಪೆಟ್ಟಿಗೆ ತೆರೆದ. ಸ್ಪಂಜಿನ ಕೆಳಗೆ, ಯಾಸ್ಮಿನ್ ಕೊಟ್ಟ ಕವರಿನಲ್ಲೇ ಡಿಸ್ಕ್ ಇತ್ತು.

"ಸುಳ್ಳು ದೂರು ಅಂತ ಬರೀಬೇಕಾಯ್ತದೆ," ಎಂದಳು ಚಿಕ್ಕಲಕ್ಷ್ಮಮ್ಮ. "ಈ ಫೋಟೋಗಳನ್ನೂ ಬರೀತೀನಿ. ಈ ಸಲ ಬರೆದು ಸುಮ್ನೆ ಕೂರಲ್ಲ."

*

ನಕ್ಷೆಯನ್ನು ಮತ್ತೆ ಕಾಪಿ ಮಾಡಬೇಕಿತ್ತು. ನಾಳೆ ಕೋರ್ಟು. ದೀಪು ಅಂಗಡಿ ಅಂದು ಬಾಗಿಲು ಹಾಕಿತ್ತು. ಎಲ್ಲರೂ ಯಾಸ್ಮಿನ್ ಮುಖ ನೋಡಿದರು.

"ಮಾಡ್ಕೊಡ್ತೀನಿ," ಎಂದಳು ಅವಳು. "ಮೊದ್ಲು ಸಾರ್ ಮೂರು ಜನಕ್ಕೆ ಫೋನ್ ಮಾಡ್ಲಿ. ಸ್ಪೀಕರ್ ಹಾಕಿ."

ಅವಳು ನಂಬರ್ ಹೇಳಿದಳು, ಲಕ್ಷ್ಮಯ್ಯ ಒತ್ತಿದ. ಬರಬೇಡ ಅಂದಿದ್ದ ಇಬ್ಬರು ಗಿರಾಕಿಗಳಲ್ಲಿ ಚನ್ನಪಟ್ಟಣದ ಗೊಂಬೆ ವ್ಯಾಪಾರಿ ಸಮದ್ ಮೊದಲು.

"ನಾನು ಕನಕಪುರದ ಸರ್ವೇಯರ್ ಲಕ್ಷ್ಮಯ್ಯ. ಯಾಸ್ಮಿನ್ ಮೇಲೆ ನಾನು ಹೇಳಿದ್ದು ಸುಳ್ಳು. ಅವ್ಳು ಏನೂ ಕದ್ದಿಲ್ಲ."

ಸಮದ್, ನಾಳೆನೇ ಬರೋಕೆ ಹೇಳಿ ಅಂದ. ಬಿಡದಿಯ ಹೋಟೆಲಿನ ರಾಧಾಮಣಿ, "ನಿಮ್ ಬಾಯಿಗೆ ಹುಳ ಬೀಳ! ನಾನಂತೂ ಆ ಹುಡುಗೀನ ಕಳ್ಳಿ ಅಂದ್ಕೊಂಡ್ಬುಟ್ಟಿದ್ದೆ," ಎಂದು ಬೈದು, ಅವಳೂ ಬರಲು ಹೇಳಿದಳು.

ಮೂರನೆಯವರು ಯಾಸ್ಮಿನ್ ಅಂಗಡಿಯ ಮಾಲೀಕರು. ಪೂರ್ತಿ ಕೇಳಿಸಿಕೊಂಡರು.

"ಸುಳ್ಳಾಗಿದ್ರೆ ಪೊಲೀಸ್ರು ಯಾಕೆ ಕರ್ಕೊಂಡೋಗ್ತಿದ್ರು?" ಎಂದರು.

ಚಿಕ್ಕಲಕ್ಷ್ಮಮ್ಮ ಫೋನಿನ ಕಡೆ ಬಗ್ಗಿದಳು. "ನಾನು ಪೊಲೀಸ್ನೋಳೇ ಮಾತಾಡ್ತಿರೋದು. ಅವ್ಳದೇನೂ ತಪ್ಪಿಲ್ಲ."

"ಸರಿ ಬಿಡಿ ಮೇಡಂ," ಎಂದರು ಮಾಲೀಕರು. "ನೋಡಣ."

ಫೋನು ಕಟ್ಟಾಯಿತು. ಈ ಸೀಮೆಯಲ್ಲಿ 'ನೋಡಣ' ಅಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಲಕ್ಷ್ಮಯ್ಯ ಇನ್ನೊಮ್ಮೆ ಮಾಡಲಾ ಎಂದು ಕೇಳಿದ. ಯಾಸ್ಮಿನ್ ಬೇಡ ಎಂದು ತಲೆಯಾಡಿಸಿ, ನೆಲದ ಮೇಲೆ ಕೂತು ಸಿಪಿಯುವಿನ ಸ್ಕ್ರೂ ಬಿಚ್ಚತೊಡಗಿದಳು.