ಮೇಲೇರದ ಆಟ

ಹೊಸ ವಾರ್ನಿಶ್ ವಾಸನೆ ಮೂಗಿಗೆ ಬಡಿದರೆ ಅವಳಿಗೆ ಇವತ್ತಿಗೂ ಉಸಿರು ಗಂಟಲಲ್ಲೇ ನಿಲ್ಲುತ್ತದೆ. ಎರಡನೇ ಕ್ಲಾಸಿನಲ್ಲಿ, ಒಂದು ಕಡೆ ಕೂರಲಾರದ ತಪ್ಪಿಗೆ, ಟೀಚರ್ ಅವಳನ್ನು ಬೆಂಚು ರಿಪೇರಿಯ ಕೋಣೆಯಲ್ಲಿ ಕೂಡಿಹಾಕುತ್ತಿದ್ದರು. ಕತ್ತಲೆ, ಮತ್ತೆ ಆ ವಾಸನೆ...

ಆ ಹುಡುಗಿಯೇ ದೊಡ್ಡವಳಾಗಿ ಅಂಥ ಮಕ್ಕಳಿಗೆ 'ಆಟದ ಮಿಸ್' ಆದಳು. ತಾಳುವುದು, ನೆನಪಿಟ್ಟುಕೊಳ್ಳುವುದು, ನಿಯಮ ಬದಲಾದಾಗ ಮನಸ್ಸನ್ನೂ ತಿರುಗಿಸುವುದು... ಇವನ್ನೆಲ್ಲ ಆಟದಲ್ಲೇ ಪಳಗಿಸುವ ಕೆಲಸ. ಹಣೆಬರಹ ನೋಡಿ, ಅವಳು ಸೇರಿದ ಮಕ್ಕಳ ಕೇಂದ್ರದವರು ಕೊಟ್ಟ ಕೋಣೆಯ ಬಾಗಿಲಿಗೂ ಹೊಸ ವಾರ್ನಿಶ್!

ಮೊದಲ ದಿನ ಆ ಬಾಗಿಲು ಹಾಕಲು ಹೋದರೆ ನಡುವೆ ಒಂದು ಬೂಟು ಅಡ್ಡ ಬಂತು.

"ಸ್ವಲ್ಪ ತೆಗೆದೇ ಇಡಿ ಮಿಸ್. ನಮ್ಮ ಮಿಡತೆಗೆ ಬಾಗಿಲು ಹಾಕಿದ್ರೆ ಆಗಲ್ಲ."

"ಹಾಕ್ಲೇಬೇಕು. ರೂಲ್ಸು."

"ರೂಲ್ಸು ಮಾಡಿದೋರು ಒಳಗೆ ಕೂತು ನೋಡಿದಾರಾ?"

ಅವಳು ತಲೆಯೆತ್ತಿದಳು. ಎಣ್ಣೆ ಕಲೆಯ ಅಂಗಿ, ದಣಿದ ಕಣ್ಣು. ಆ ಕಣ್ಣಲ್ಲಿ ಜಗಳವಿರಲಿಲ್ಲ. ಲಿಫ್ಟ್ ಮೆಕ್ಯಾನಿಕ್. ತೀರಿಹೋದ ಅಕ್ಕನ ಏಳು ವರ್ಷದ ಮಗಳನ್ನು ಸಾಕುತ್ತಿರುವ ಸೋದರಮಾವ. ಅವನು 'ಮಿಡತೆ' ಎಂದು ಕರೆಯುತ್ತಿದ್ದ ಆ ಮಗು ಅವನ ಬೆಲ್ಟು ಹಿಡಿದು ಒಂಟಿಕಾಲಲ್ಲಿ ಕುಣಿಯುತ್ತಿತ್ತು.

ಬಾಗಿಲು ನಾಲ್ಕು ಬೆರಳಷ್ಟು ತೆರೆದೇ ಉಳಿಯಿತು. ಅವತ್ತು ಉಸಿರು ಸಲೀಸಾದದ್ದು ಮಗುವಿಗೆ ಮಾತ್ರವಲ್ಲ.

ಆಮೇಲೆ ಅವನು ಬಂದಾಗಲೆಲ್ಲ ಏನೋ ಒಂದು ಸರಿಹೋಗಿರುತ್ತಿತ್ತು. ಅಲುಗಾಡುವ ಕುರ್ಚಿ, ಕಿರುಗುಟ್ಟುವ ಕಿಟಕಿ. ಹೇಳುತ್ತಿರಲಿಲ್ಲ, ಮಾಡಿ ಹೋಗುತ್ತಿದ್ದ. ಮಿಡತೆಯ ಸರದಿ ವಾರಕ್ಕೆ ಎರಡು ದಿನ; ಅವಳು ಆ ಎರಡು ದಿನಗಳಿಗೆ ಕಾಯತೊಡಗಿದಳು.

ಆದರೆ ಅವಳ ಕೈ ಕಟ್ಟಿತ್ತು. ಕೇಂದ್ರದಲ್ಲಿ ನಡೆಯುತ್ತಿದ್ದದ್ದು ಒಂದು ಅಧ್ಯಯನ. ಅರ್ಧ ಮಕ್ಕಳಿಗೆ ಬರಬರುತ್ತ ಕಷ್ಟವಾಗುವ ಆಟ. ಇನ್ನರ್ಧಕ್ಕೆ, ಹೋಲಿಸಿ ನೋಡಲೆಂದು, ಎಂದೂ ಕಷ್ಟವಾಗದ ಆಟ. ಯಾರಿಗೆ ಯಾವುದೆಂದು ಚೀಟಿಯೆತ್ತಿ ತೀರ್ಮಾನ. ಮನೆಯವರಿಗೆ ತಿಳಿಸುವುದಿಲ್ಲವೆಂದು ಅವಳು ಸಹಿ ಹಾಕಿದ್ದಳು.

ಮಿಡತೆಗೆ ಬಂದದ್ದು ಸುಲಭದ ಆಟ. ಕೆಂಪು ಕಾರ್ಡು ಕೆಂಪು ಡಬ್ಬಿಗೆ, ನೀಲಿ ಕಾರ್ಡು ನೀಲಿ ಡಬ್ಬಿಗೆ. ಪ್ರತಿ ಸಲವೂ ಅಷ್ಟೇ.

ನಾಲ್ಕನೇ ವಾರ ಅವನು ಬಾಗಿಲ ಬಳಿ ನಿಂತ.

"ಎರಡು ತಿಂಗಳಲ್ಲಿ ಕ್ಲಾಸಲ್ಲಿ ಕೂರೋದು ಕಲೀದಿದ್ರೆ ದೂರದ ಹಾಸ್ಟೆಲ್ ಶಾಲೆಗೆ ಸೇರಿಸಿ ಅಂತ ಅವಳ ಸ್ಕೂಲಲ್ಲಿ ಹೇಳಿದಾರೆ. ಅವಳನ್ನ ಬಿಟ್ಟು ನಾನು..." ಅಂಗಿಯ ಎಣ್ಣೆ ಕಲೆ ಉಜ್ಜಿದ. "ಏನಾದ್ರೂ ಮುಂದೆ ಬಂದಿದಾಳಾ ಮಿಸ್?"

'ಹೇಳಿದರೆ ಕೊಟ್ಟ ಮಾತು, ಕೆಲಸ ಎರಡೂ ಹೋಗುತ್ತವೆ. ಹೇಳದಿದ್ದರೆ ಈ ಮಗು...' ಅತ್ತ ದರಿ, ಇತ್ತ ಪುಲಿ.

"ಅದನ್ನೆಲ್ಲ ನನ್ನ ಕೇಳಬೇಡಿ," ಎಂದುಬಿಟ್ಟಳು.

ಅವತ್ತಿನಿಂದ ಅವನು ಮೆಟ್ಟಿಲ ಕೆಳಗೇ ನಿಂತು ಮಗುವನ್ನು ಮೇಲೆ ಕಳಿಸತೊಡಗಿದ. 'ಮಿಸ್‌ಗೆ ನನ್ನ ಕಂಡ್ರೆ ಆಗಲ್ಲ' ಎಂದು ಅವನು. 'ಕೋಪ ಬಂದಿರಬೇಕು' ಎಂದು ಅವಳು. ನಡುವೆ ಹದಿನೆಂಟು ಮೆಟ್ಟಿಲು.

ಹತ್ತು ದಿನ ತಡೆದು, ಹನ್ನೊಂದನೇ ದಿನ ಅವಳು ಅಧ್ಯಯನ ನಡೆಸುವ ದೊಡ್ಡ ಮೇಡಂ ಮುಂದೆ ನಿಂತಳು.

"ಆ ಮಗೂನ ಇನ್ನೊಂದು ಗುಂಪಿಗೆ ಹಾಕಿ ಮೇಡಂ."

"ಒಂದು ಚೀಟಿ ಬದಲಾಯಿಸಿದ್ರೆ ಉಳಿದ ಮಕ್ಕಳು ಪಟ್ಟ ಶ್ರಮ ಎಲ್ಲಾ ನೀರಲ್ಲಿ ಹೋಮ ಆಗುತ್ತೆ ಕಣಮ್ಮ. ಅಲ್ದೆ ಕಷ್ಟದ ಆಟದಿಂದ ಉಪಯೋಗ ಇದೆಯಾ ಅಂತ ನಮಗೇ ಇನ್ನೂ ಗೊತ್ತಿಲ್ಲ."

"ಆ ಮಗೂಗೆ ಕಾಯೋಕೆ ಟೈಮಿಲ್ಲ ಮೇಡಂ. ನನ್ನನ್ನ ಬಿಟ್ಟುಬಿಡಿ. ನಾನು ಅವಳ ಮನೆಯವರಿಗೆ ಹೇಳೋಳೇ."

ಮೇಡಂ ಗದರಲಿಲ್ಲ. ಅವಳು ಮೇಜಿನ ಮೇಲಿಟ್ಟ ಕೋಣೆಯ ಕೀಲಿಕೈ ತೆಗೆದುಕೊಂಡು, ನೀರಿನ ಲೋಟ ಅವಳತ್ತ ಸರಿಸಿದರು.

ಮೆಟ್ಟಿಲಿಳಿದರೆ ಕೆಳಗೆ ಅವನು ಊಟದ ಡಬ್ಬಿ ತೊಡೆ ಮೇಲಿಟ್ಟುಕೊಂಡು ಕೂತಿದ್ದ. ಮಿಡತೆ ಅಂಗಳದ ಕಲ್ಲಿಂದ ಕಲ್ಲಿಗೆ ಹಾರುತ್ತಿತ್ತು.

ನಿಂತಲ್ಲೇ ಎಲ್ಲ ಹೇಳಿದಳು. ಚೀಟಿ, ಸುಲಭದ ಆಟ, ಹಾಕಿದ್ದ ಸಹಿ.

"ಗೊತ್ತಿತ್ತು," ಎಂದ ಅವನು.

"ಏನು?"

"ಎರಡನೇ ವಾರಕ್ಕೇ. ಪ್ರತಿ ಸಲ ಮನೆಗೆ ಬಂದು ಅದೇ ಕೆಂಪು, ಅದೇ ನೀಲಿ ಅನ್ನೋಳು. ಮೇಲೆ ಹೋಗದೆ ಒಂದೇ ಮಹಡೀಲಿ ನಿಂತಿರೋದು ಲಿಫ್ಟ್ ರಿಪೇರಿಯವನಿಗೆ ಗೊತ್ತಾಗಲ್ವಾ ಮಿಸ್? ನೀವೇ ಹೇಳ್ತೀರೇನೋ ಅಂತ ಅವತ್ತು ಕೇಳಿದೆ. ಮುಖ ತಿರುಗಿಸಿಬಿಟ್ರಿ."

ಅವಳ ಕಣ್ಣು ತುಂಬಿತು. "ಗೊತ್ತಿದ್ದೂ ಯಾಕೆ ಕರ್ಕೊಂಡು ಬರ್ತಿದ್ರಿ?"

"ಇಪ್ಪತ್ತು ನಿಮಿಷ ಯಾರಿಂದಾನೂ ಬೈಸ್ಕೊಳ್ಳದೆ ಅವಳು ಕೂರೋದು ಇಲ್ಲಿ ಮಾತ್ರ." ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೂತ. "ಮಿಕ್ಕಿದ್ದು... ನನ್ನ ಸ್ವಾರ್ಥ."

"ಕೆಲಸ ಬಿಟ್ಟು ಬಂದೆ."

"ಮಿಡತೆಗೋಸ್ಕರಾನಾ?"

"ಹೂಂ." ಅವಳು ಅವನ ಪಕ್ಕದಲ್ಲಿ ಕುಸಿದು ಕೂತಳು. "ಮಿಕ್ಕಿದ್ದು ನಂದೂ ಸ್ವಾರ್ಥಾನೇ."

ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ನೋಡುವ ಧೈರ್ಯ ಯಾರಿಗಿತ್ತು!

"ನಾಳೆಯಿಂದ ಕಷ್ಟದ ಆಟ. ನಿಮ್ಮ ಮನೇಲಿ," ಎಂದಳು. "ಗೆಲ್ತೀವೋ ಇಲ್ವೋ ಗೊತ್ತಿಲ್ಲ. ಇನ್ನು ಆರೇ ವಾರ."

"ಸೋತ್ರೂ ನೀವಿರ್ತೀರಾ?"

"ಇರ್ತೀನಿ."

ಅವನು ಚಮಚವನ್ನು ಕರವಸ್ತ್ರದಿಂದ ಒರೆಸಿ, ತನ್ನ ಊಟದ ಡಬ್ಬಿಯನ್ನು ಅವಳ ಕೈಗಿತ್ತ.