ಪಟಿಕದ ಟೀ

ಕೆಮಿಸ್ಟ್ರಿ ಮೇಡಂ ಮಾಡಿದ ಟೀಯನ್ನು ಅವಳ ಮನೆಯಲ್ಲಿ ಯಾರೂ ಕುಡಿಯುತ್ತಿರಲಿಲ್ಲ. ಅವಳು ಲೋಟ ಹಿಡಿದು ಬಂದರೆ ಸಾಕು, ಅಣ್ಣನಿಗೆ ಎಲ್ಲಿಲ್ಲದ ಕೆಲಸ ನೆನಪಾಗುತ್ತಿತ್ತು. ಅತ್ತಿಗೆಯಂತೂ ಮುಖಕ್ಕೆ ಹೊಡೆದಂತೆ ಹೇಳಿದ್ದಳು, "ನಿನ್ನ ಟೀನ ಹೊಗಳಿ ಕುಡಿಯೋ ಗಂಡು ಸಿಕ್ಕಿದ್ರೆ ಹಿಂದೆಮುಂದೆ ನೋಡ್ಬೇಡ ಕಣೇ, ಮದುವೆ ಆಗ್ಬಿಡು."

ಹಾಗಿರುವಾಗ ಶಾಲೆಗೆ ಹೊಸ ಫಿಸಿಕ್ಸ್ ಸರ್ ಬಂದರು. ಹೆರಿಗೆ ರಜೆಗೆ ಹೋದ ಟೀಚರ್ ಜಾಗಕ್ಕೆ, ತಾತ್ಕಾಲಿಕವಾಗಿ. ಆಳು ಉದ್ದ, ಲ್ಯಾಬಿನ ಬಾಗಿಲು ಗಿಡ್ಡ. ತಲೆ ತಗ್ಗಿಸುವುದನ್ನು ದಿನವೂ ಮರೆತು, ದಿನವೂ ಹಣೆ ಉಜ್ಜಿಕೊಂಡೇ ಒಳಗೆ ಬರುತ್ತಿದ್ದರು.

ಮಧ್ಯಾಹ್ನದ ಬಿಡುವಿನಲ್ಲಿ ಅವಳು ಲ್ಯಾಬಿನ ಪಕ್ಕದ ಪುಟ್ಟ ಕೋಣೆಯಲ್ಲಿ ಟೀ ಮಾಡುವಳು. ತನಗೆ ಸಕ್ಕರೆ ಇಲ್ಲದ್ದು. ಅವರಿಗೆ ಪ್ರಯೋಗದ ಕಪಾಟಿನ ಬಾಟಲಿಯಿಂದಲೇ ಧಾರಾಳವಾಗಿ ಸಕ್ಕರೆ.

"ಹೇಗಿದೆ ಸರ್?"

ಅವರ ಕೆನ್ನೆ ಒಳಕ್ಕೆ ಹೋಗುತ್ತಿತ್ತು. ಕಣ್ಣು ಕಿರಿದಾಗುತ್ತಿತ್ತು. ಕಿವಿ ಕೂಡ ಒಂಚೂರು ಅಲ್ಲಾಡುತ್ತಿತ್ತು. "ತುಂಬಾ ಚೆನ್ನಾಗಿದೆ ಮೇಡಂ. ಇಂಥ ಟೀ ನಾನೆಲ್ಲೂ ಕುಡಿದಿಲ್ಲ."

ಪಾಪ, ನಾಚಿಕೆ ಎಂದುಕೊಂಡಳು. ಸಂಜೆ ಮನೆಗೆ ಹೋದ ಮೇಲೂ ಆ ಕಿರಿದಾದ ಕಣ್ಣುಗಳೇ ನೆನಪಾಗಿ ಒಬ್ಬಳೇ ನಗುತ್ತಿದ್ದಳು. ಅತ್ತಿಗೆ ಗಮನಿಸಿಯೂ ಗಮನಿಸದ ಹಾಗೆ ಇದ್ದಳು.

ರಜೆಯ ಟೀಚರ್ ಮರುದಿನ ವಾಪಸ್ ಬರುವವರಿದ್ದರು. ಸರ್‌ಗೆ ಅದೇ ಕೊನೆಯ ದಿನ. ಟೀ ಮುಗಿಸಿ, ಖಾಲಿ ಕಪ್ಪನ್ನೇ ತಿರುಗಿಸುತ್ತಾ ಅವರು ಬಾಯಿ ಬಿಟ್ಟರು.

"ಬಂದ ಹಾಗೇ ಹೊರಟುಹೋಗ್ತೀನಿ ಅಂದ್ಕೊಂಡಿದ್ದೆ ಮೇಡಂ. ಆಗ್ತಿಲ್ಲ. ನೀವಿಲ್ದೆ ಇರೋಕಾಗಲ್ಲ ಅನ್ಸುತ್ತೆ. ನಾನು ಬದಲಾಗಿಬಿಟ್ಟಿದ್ದೀನಿ."

ಅವಳ ಎದೆ ಡವಡವ ಎಂದಿತು. ಆದರೂ ಮೇಷ್ಟರಿಕೆ ಬಿಡಲಿಲ್ಲ. "ಭೌತಿಕ ಬದಲಾವಣೆನೋ, ರಾಸಾಯನಿಕಾನೋ?"

"ಅದು ನಿಮ್ಮ ಸಬ್ಜೆಕ್ಟು. ನೀವೇ ಹೇಳ್ಬೇಕು."

"ಕ್ಲಾಸ್ ಆದ್ಮೇಲೆ ಹೇಳ್ತೀನಿ. ಬನ್ನಿ, ಹಿಂದೆ ಕೂತ್ಕೊಳ್ಳಿ."

ಅವತ್ತಿನ ಪಾಠವೂ ಅದೇ. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಹಿಡಿಸದೆ ಸರ್ ಒದ್ದಾಡುತ್ತಿದ್ದರೆ, ಅವಳು ಎಂದಿಲ್ಲದ ಹುರುಪಿನಿಂದ ಶುರುಮಾಡಿದಳು.

"ನೋಡಿ ಮಕ್ಕಳೇ, ಬರೀ ಕಣ್ಣಲ್ಲಿ ನೋಡಿ ಯಾವ ವಸ್ತುನೂ ಇದು ಇಂಥದ್ದೇ ಅಂತ ಹೇಳ್ಬಾರ್ದು. ಸಕ್ಕರೆನ ನೀರಲ್ಲಿ ಕರಗಿಸಿದ್ರೆ ಭೌತಿಕ ಬದಲಾವಣೆ, ನೀರು ಆರಿಸಿದ್ರೆ ಸಕ್ಕರೆ ವಾಪಸ್ ಸಿಗುತ್ತೆ. ಸುಟ್ಟರೆ ಕಂದಾಗಿ, ಕಪ್ಪಾಗಿ, ಬೇರೆ ವಸ್ತುನೇ ಆಗುತ್ತೆ. ಅದು ರಾಸಾಯನಿಕ. ಅಲ್ಲಿಂದ ಹಿಂದಕ್ಕೆ ಬರೋ ದಾರಿ ಇಲ್ಲ."

ಹಿಂದಿನ ಬೆಂಚಿನ ಕಡೆಗೊಂದು ಓರೆನೋಟ ಬಿಟ್ಟು, ಬಾಟಲಿಯಿಂದ ಒಂದು ಚಮಚ ತೆಗೆದು ಬರ್ನರ್ ಮೇಲೆ ಹಿಡಿದಳು.

ಸಕ್ಕರೆ ಕರಗಿತು. ಆಮೇಲೆ ಕಪ್ಪಾಗುವ ಬದಲು ಬುಳುಬುಳು ನೊರೆಯೆದ್ದು, ಉಬ್ಬಿ, ಹತ್ತಿಯಂತೆ ಬೆಳ್ಳಗೆ ನಿಂತುಬಿಟ್ಟಿತು.

"ಮಿಸ್, ಕಪ್ಪಾಗ್ಲೇ ಇಲ್ಲ!"

ಹೀಗೆ ಉಬ್ಬುವುದು ಪಟಿಕ. ಕ್ಷೌರವಾದ ಮೇಲೆ ಗಲ್ಲಕ್ಕೆ ತಿಕ್ಕುವ ಪಟಿಕ. ಲ್ಯಾಬಿಗೆ ಬಣ್ಣ ಬಳಿದಾಗ ಬಾಟಲಿಗಳ ಲೇಬಲ್‌ಗಳು ಕಿತ್ತುಹೋಗಿದ್ದವು. ಬಿಳಿ ಪುಡಿಗಳನ್ನು ಬರೀ ಕಣ್ಣಲ್ಲೇ ನೋಡಿ ಮತ್ತೆ ಲೇಬಲ್ ಅಂಟಿಸಿದ ಮಹಾತಾಯಿ ಬೇರೆ ಯಾರೂ ಅಲ್ಲ, ಅವಳೇ. ಮೊನ್ನೆಯ ಪ್ರಯೋಗದಲ್ಲಿ ಕೆಸರು ನೀರಿಗೆ ಪಟಿಕ ಹಾಕಿದರೂ ಯಾಕೆ ತಿಳಿಯಾಗಲಿಲ್ಲವೆಂದು ಈಗ ಅರ್ಥವಾಯಿತು. ಅದು ಸಕ್ಕರೆ ಕುಡಿದ ಕೆಸರು!

ತಲೆಯೆತ್ತಿ ನೋಡಿದಳು. ಸರ್ ಅತಿ ಶ್ರದ್ಧೆಯಿಂದ ಫ್ಯಾನ್ ನೋಡುತ್ತಿದ್ದರು.

ಬೆಲ್ ಹೊಡೆದು ಮಕ್ಕಳು ಹೋದ ಮೇಲೆ ಕೇಳಿದಳು, "ನಿಮಗೆ ಗೊತ್ತಿತ್ತಾ?"

"ಏನಂತ ಗೊತ್ತಿರ್ಲಿಲ್ಲ. ಸಕ್ಕರೆ ಅಲ್ಲ ಅಂತ ಮಾತ್ರ ಗೊತ್ತಿತ್ತು."

"ಮತ್ತೆ ಇಷ್ಟು ದಿನ ಬಾಯಿ ಬಿಡದೆ ಕುಡಿದ್ರಲ್ಲ!"

"ಬಿಡೋಕೆ ಆಗ್ತಿರ್ಲಿಲ್ಲ ಮೇಡಂ. ಅಷ್ಟು ಒಗರು."

ನಗು ತುಟಿಯವರೆಗೂ ಬಂತು. ಆದರೆ ಅದಕ್ಕಿಂತ ಮೊದಲು ಕಣ್ಣು ತುಂಬಿತು. ಆ ಹೊಗಳಿಕೆಯನ್ನು ನಂಬಿಯೇ ಅವಳು ಮನಸ್ಸು ಕೊಟ್ಟಿದ್ದು. "ಟೀ ಬಗ್ಗೆ ಹೇಳಿದ್ದೆಲ್ಲಾ ಸುಳ್ಳು. ಮಧ್ಯಾಹ್ನ ಹೇಳಿದ್ದು ನಿಜ ಅಂತ ನಾನು ಹೇಗೆ ನಂಬ್ಲಿ?"

ಅವರು ಬೆಂಚಿನಿಂದ ಮೊಣಕಾಲು ಬಿಡಿಸಿಕೊಂಡು ಎದ್ದರು. "ಇನ್ನೊಂದು ಸಲ ಟೀ ಮಾಡಿ. ಈ ಸಲ ನಿಜ ಹೇಳ್ತೀನಿ."

ಸ್ಟಾಫ್ ರೂಮಿನಿಂದ ಸಕ್ಕರೆ ತಂದು, ನಾಲಿಗೆಗೆ ಹಚ್ಚಿ ನೋಡಿಯೇ ಹಾಕಿದಳು. ಅವರು ಒಂದು ಗುಟುಕು ಕುಡಿದರು. ಚೆನ್ನಾಗಿದೆ ಎಂದರೆ ಸಾಕು, ಎಲ್ಲ ಸಲೀಸು. ಅವಳು ಉಸಿರು ಬಿಗಿಹಿಡಿದಳು.

"ಸಕ್ಕರೆ ಸರಿಯಾಗಿದೆ."

"ಟೀ?"

ಅವರ ಹಣೆಯಲ್ಲಿ ಬೆವರು. "ಚೆನ್ನಾಗಿಲ್ಲ ಮೇಡಂ. ತುಂಬಾ ಕುದಿಸಿ ಕಹಿಯಾಗಿದೆ. ನಿಜ ಹೇಳ್ಬೇಕಂದ್ರೆ... ಪಟಿಕದ್ದೇ ವಾಸಿ."

ಹೇಳಿದ್ದು ಹಾಗೆ. ಆದರೆ ಕಪ್ಪು ಕೆಳಗಿಡಲಿಲ್ಲ, ಕುಡಿಯುತ್ತಲೇ ಇದ್ದರು.

"ಚೆನ್ನಾಗಿಲ್ಲ ಅಂದ್ರಲ್ಲ, ಮತ್ಯಾಕೆ ಕುಡೀತಿದ್ದೀರಿ?"

"ನೀವು ಮಾಡಿದ್ದಲ್ವಾ. ಅವತ್ತೂ ಅದಕ್ಕೇ ಕುಡಿದಿದ್ದು. ಅದು ಮಾತ್ರ ಯಾವತ್ತೂ ಸುಳ್ಳಲ್ಲ."

ಅವಳು ಮೇಜು ಹಿಡಿದುಕೊಂಡು ನಕ್ಕಳು, ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. "ರಾಸಾಯನಿಕ" ಎಂದಳು ಕೊನೆಗೆ.

"ಏನು?"

"ಮಧ್ಯಾಹ್ನದ ಪ್ರಶ್ನೆಗೆ ಉತ್ತರ. ಹಿಂದಕ್ಕೆ ಬರೋ ದಾರಿ ಇಲ್ಲ."

"ಇಬ್ಬರಿಗೂನಾ?"

"ಇಬ್ಬರಿಗೂ. ನಾಳೆ ಮನೆಗೆ ಬಂದು ಅಣ್ಣ ಅತ್ತಿಗೆ ಹತ್ರ ಮಾತಾಡಿ."

ಸರ್ ಗಾಬರಿಯಾದರು. "ಅಲ್ಲಿ ಟೀ..."

"ಅತ್ತಿಗೆ ಮಾಡ್ತಾರೆ."

ಆ ಖುಷಿಯಲ್ಲಿ ಅವರು ಎಂದಿನಂತೆ ತಲೆ ತಗ್ಗಿಸುವುದನ್ನು ಮರೆತು ಬಾಗಿಲ ಕಡೆ ಹೊರಟರು. ಅವಳು ಓಡಿಹೋಗಿ ಮೇಲಿನ ಪಟ್ಟಿಗೆ ಅಂಗೈ ಅಡ್ಡ ಇಟ್ಟಳು. ಹಣೆ ಬಂದು ಅವಳ ಕೈಗೆ ತಾಗಿತು. ಇಬ್ಬರೂ ಅಲ್ಲೇ ನಿಂತರು.